ಹಾಲಿನಮ್ಮನ ಸೋಮಿ

ಹೋದ ವಾರ ಜೆ.ಪಿ. ನಗರದಲ್ಲಿ ನೆಂಟರ ಹೊಸ ಫ್ಲ್ಯಾಟಿನ ಗೃಹಪ್ರವೇಶವಿತ್ತು. ಲಿಫ್ಟಿನ ಬಾಗಿಲು ತೆರೆದದ್ದೇ ತಡ, ಸಗಣಿಯ ವಾಸನೆ ಮೂಗಿಗೆ ಬಡಿಯಿತು. ಪೂಜೆಗೆ ಹಸುವನ್ನು ಅದರಲ್ಲೇ ಮೇಲಕ್ಕೆ ಕರೆದೊಯ್ದಿದ್ದರಂತೆ. ಫಿನಾಯಿಲು ಸುರಿದು ಒರೆಸಿದ್ದರೂ ವಾಸನೆ ಹೋಗಿರಲಿಲ್ಲ. ಜೊತೆಯಲ್ಲಿದ್ದವರು ಮೂಗಿಗೆ ಸೆರಗು, ಕರ್ಚೀಫು ಹಿಡಿದುಕೊಂಡರು. ನಾನು ಮಾತ್ರ ಉಸಿರೆಳೆದುಕೊಂಡು ನಿಂತೆ. ಹಾಲಿನಮ್ಮ ನೆನಪಾಗಿ ಕಣ್ಣು ತುಂಬಿ ಬಂತು...

ಪದ್ಮನಾಭನಗರದ ನಮ್ಮ ಮನೆಯ ಹಿಂದೆ ಆಗ ಒಂದು ಖಾಲಿ ಸೈಟಿತ್ತು. ಅದರ ಮೂಲೆಯಲ್ಲಿ ತಗಡಿನ ಶೀಟು ಹೊದಿಸಿದ ಕೊಟ್ಟಿಗೆ, ಅದಕ್ಕೆ ಅಂಟಿಕೊಂಡಂತೆ ಒಂದು ಕೋಣೆ. ಅಲ್ಲಿ ಹಾಲಿನಮ್ಮ, ಅವರ ಹಸು ಸೋಮಿ, ಸೋಮಿಯ ಕರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸೋಮವಾರ ಹುಟ್ಟಿದವಳೆಂದು ಸೋಮಿ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ತಮ್ಮ ಹಣೆಗೆ ವಿಭೂತಿ ಇಟ್ಟುಕೊಂಡ ಕೈಯಲ್ಲೇ ಅವಳ ಹಣೆಗೂ ಇಡುತ್ತಿದ್ದರು. ನನ್ನ ಅಡುಗೆಮನೆಯ ಕಿಟಕಿ ಆ ಕೊಟ್ಟಿಗೆಯ ಕಡೆಗೇ ಇದ್ದುದರಿಂದ ಅವರ ಸಂಸಾರವೆಲ್ಲ ನನಗೆ ಗೊತ್ತು.

ಹಾಲು ಕರೆದಾದ ಮೇಲೆ ಸೋಮಿ ಬೀದಿಗೆ ಹೊರಡುವಳು. ಈ ಊರಲ್ಲಿ ಹಸುವಿಗೆ ಹುಲ್ಲು ಎಲ್ಲಿಂದ ಬರಬೇಕು? ತರಕಾರಿ ಅಂಗಡಿಯಲ್ಲಿ ಕೋಸಿನ ಎಲೆ, ಬೇಕರಿಯ ಮುಂದೆ ಯಾರೋ ಕೊಟ್ಟ ಬನ್ನು, ಒಂದೆರಡು ಗೇಟುಗಳಲ್ಲಿ ಉಳಿದ ಚಪಾತಿ. ಮಧ್ಯಾಹ್ನ ಸರ್ಕಲ್ಲಿನ ನಟ್ಟನಡುವೆ ಮಲಗಿ ಮೆಲುಕು ಹಾಕುತ್ತಿದ್ದಳು. ಬೀದಿನಾಯಿಗಳು ಅವಳ ಬೆನ್ನಿಗೊರಗಿ ನಿದ್ದೆ ತೆಗೆಯುತ್ತಿದ್ದವು. ಬಸ್ಸುಗಳು ಬಳಸಿಕೊಂಡು ಹೋಗುತ್ತಿದ್ದವು. ಹಾರ್ನು ಹೊಡೆದು ಬೈಯುವವರಿಗೇನೂ ಕಡಿಮೆ ಇರಲಿಲ್ಲ. ಆದರೆ ಬೈದವರೇ ಮನೆ ಕಟ್ಟಿಸಿದಾಗ ಹಾಲಿನಮ್ಮನನ್ನು ಹುಡುಕಿಕೊಂಡು ಬರಬೇಕು, ಹೊಸ ಮನೆಗೆ ಮೊದಲು ಹಸು ಕಾಲಿಡಬೇಕಲ್ಲ.

ಸೋಮಿ ಬಲು ಸಾಧು. ಗ್ರಾನೈಟ್ ಮೆಟ್ಟಿಲಲ್ಲಿ ಜಾರದಿರಲೆಂದು ಹಾಲಿನಮ್ಮ ಗೋಣಿಚೀಲ ಹಾಸಿ ಹತ್ತಿಸುತ್ತಿದ್ದರು. ಒಳಗೆ ಅರಿಶಿನ ಕುಂಕುಮ, ಆರತಿ, ಆಮೇಲೆ ಮೊರದ ತುಂಬ ಅಕ್ಕಿ ಬೆಲ್ಲ, ಬಾಳೆಹಣ್ಣು. ಮನೆಯವರಾದ ಮೇಲೆ ಬಂದ ನೆಂಟರೂ ಒಬ್ಬೊಬ್ಬರೇ ತಿನ್ನಿಸಿ, ಬಾಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಹಸು ಕೊಟ್ಟದ್ದನ್ನೆಲ್ಲ ತಿಂದರೆ ಮನೆಗೆ ಒಳ್ಳೆಯದೆಂಬ ನಂಬಿಕೆ. ಅದು ಮುಖ ತಿರುಗಿಸಿದರೆ ಮನೆಯೊಡತಿಯ ಮುಖ ಬಾಡಿಹೋಗುತ್ತಿತ್ತು. ಅದಕ್ಕೇ ಹಾಲಿನಮ್ಮ ಸೋಮಿಯ ಕೊರಳಡಿಯ ಗಂಗೆದೊಗಲು ಸವರುತ್ತ, ತಿನ್ನವ್ವ, ತಿನ್ನು ಎಂದು ಮುದ್ದು ಮಾಡಿ ತಿನ್ನಿಸುತ್ತಿದ್ದರು.

ಆ ವರ್ಷ ವೈಶಾಖದಲ್ಲಿ ಒಳ್ಳೆಯ ದಿನಗಳೇ ಕಡಿಮೆಯೆಂದು ಪುರೋಹಿತರೆಲ್ಲ ಒಂದೇ ದಿನಕ್ಕೆ ಮುಹೂರ್ತ ಇಟ್ಟುಬಿಟ್ಟರು. ನಮ್ಮ ಸುತ್ತಮುತ್ತಲೇ ಐದಾರು ಮನೆ. ಯಾರಿಗೂ ಇಲ್ಲವೆನ್ನಲು ಹಾಲಿನಮ್ಮನಿಗೆ ಬಾಯಿ ಬರಲಿಲ್ಲ. ಒಂದು ಮನೆ ಮುಗಿಸಿ ಇನ್ನೊಂದಕ್ಕೆ ಓಡಿದರು. ಪ್ರತಿ ಮನೆಯಲ್ಲೂ ಮೊರದ ತುಂಬ ಅಕ್ಕಿ ಬೆಲ್ಲ, ಪ್ರತಿ ಮನೆಯಲ್ಲೂ ಅದೇ ಮುದ್ದಿನ ಮಾತು.

ಮಧ್ಯಾಹ್ನ ಸೋಮಿ ಬೀದಿಗೆ ಹೋಗಲಿಲ್ಲ. ಕಿಟಕಿಯಿಂದ ನೋಡಿದರೆ ಹೊಟ್ಟೆಯ ಎಡಭಾಗ ಊದಿಕೊಂಡಿತ್ತು. ಮೆಲುಕು ನಿಂತಿತ್ತು, ಹಲ್ಲು ಕಡಿಯುತ್ತಿದ್ದಳು. ಹಾಲಿನಮ್ಮ ಓಂಕಾಳಿನ ಕಷಾಯ ಕುಡಿಸಿದರು, ಹೊಟ್ಟೆ ನೀವಿದರು, ಹರಕೆ ಹೊತ್ತರು. ದನದ ಡಾಕ್ಟರು ಬರುವಷ್ಟರಲ್ಲಿ ಸಂಜೆಯಾಗಿತ್ತು. ಇಷ್ಟು ಅಕ್ಕಿ ಬೆಲ್ಲ ಒಟ್ಟಿಗೆ ಹೋದರೆ ಹಸುವಿನ ಹೊಟ್ಟೆಯಲ್ಲಿ ಹುಳಿಯಾಗಿ ಅದೇ ವಿಷವಾಗುತ್ತದೆ ಎಂದರು. ಇಂಜೆಕ್ಷನ್ ಕೊಟ್ಟು ಹೋದರು. ಬೆಳಗಾಗುವಷ್ಟರಲ್ಲಿ ಸೋಮಿ ಇರಲಿಲ್ಲ. ಹಾಲಿನಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕರು ಒಂದೇ ಸಮನೆ ಕೂಗುತ್ತಿತ್ತು. ನನಗೆ ತಡೆಯಲಾಗದೆ ಅತ್ತುಬಿಟ್ಟೆ.

ಸುದ್ದಿ ಹರಡಿತು. ಹೊಸ ಮನೆಯವರು ಒಬ್ಬೊಬ್ಬರಾಗಿ ಬಂದರು. ಅವರಿಗೆ ಮರುಕ ಇರಲಿಲ್ಲವೆನ್ನಲಾರೆ. ಆದರೆ ಮಾತು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ನಮ್ಮ ಮನೆಯ ಅಕ್ಕಿಯಿಂದ ಆಗಿದ್ದಲ್ಲ ತಾನೆ? ಗೋಹತ್ಯೆಯ ದೋಷ ನಮಗೆ ತಟ್ಟುವುದಿಲ್ಲ ತಾನೆ? ಶಾಂತಿ ಮಾಡಿಸಬೇಕೇನು? ಕೇಳಿಸಿಕೊಂಡ ನನಗೆ ಮೈ ಉರಿದುಹೋಯಿತು. ಕಿಟಕಿಯಿಂದಲೇ ನಾಲ್ಕು ಮಾತು ಆಡಿಬಿಡೋಣ ಎನ್ನುವಷ್ಟರಲ್ಲಿ ಹಾಲಿನಮ್ಮನ ದನಿ ಕೇಳಿಸಿತು.

"ನಿಮ್ಮನೇಲಿ ಅವ್ಳು ಬರೀ ಮೂಸಿ ನೋಡಿದ್ಲು ಕಣಮ್ಮ, ತಿನ್ಲೇ ಇಲ್ಲ. ನೀವು ನೆಮ್ಮದಿಯಾಗಿರಿ."

ಮುಂದೆ ಬಂದವರಿಗೂ ಅದನ್ನೇ ಹೇಳಿದರು. ಅವರ ನಂತರ ಬಂದವರಿಗೂ... ಎಲ್ಲರೂ ಹಗುರಾಗಿ ಮನೆಗೆ ಹೋದರು.

ಸಂಜೆ ಅನ್ನ, ಸಾರು ತೆಗೆದುಕೊಂಡು ಹೋದೆ. ಯಾರ ಮನೆಯಲ್ಲೂ ತಿನ್ನಲಿಲ್ಲ ಎಂದಮೇಲೆ ಸೋಮಿ ಸತ್ತದ್ದು ಹೇಗೆ ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು. ಅವರಿಗೆ ಸಿಟ್ಟಿರಲಿಲ್ಲ.

"ಹೊಸಾ ಮನೆ ಕಟ್ಕೊಂಡವ್ರೆ, ಮಕ್ಳು ಮರಿ ಇರೋರು. ಅವ್ರಿಗ್ಯಾಕಮ್ಮ ಭಯ?" ಎಂದರು. ಆಮೇಲೆ, "ಹಗ್ಗ ನನ್ ಕೈಲೇ ಇತ್ತಲ್ಲ. ತಿನ್ನು ಅಂದೋಳು ನಾನೇ" ಎಂದರು.

ನಾನು ತಂದ ಅನ್ನ ಹಾಗೇ ಆರಿಹೋಯಿತು.

ಕರುವನ್ನು ತಮ್ಮನ ಊರಿಗೆ ಕಳಿಸಿ, ಹಾಲಿನಮ್ಮ ಸುಬ್ರಹ್ಮಣ್ಯಪುರದ ತಂಗಿಯ ಮನೆ ಸೇರಿದರು. ಒಮ್ಮೆ ಹೋಗಿ ನೋಡಿ ಬಂದೆ, ತುಂಬ ಸೊರಗಿದ್ದರು. ಎರಡು ವರ್ಷದ ಹಿಂದೆ ಅವರ ತಂಗಿ ಫೋನು ಮಾಡಿ, ಅಕ್ಕ ಹೋಗಿಬಿಟ್ಟಳು ಎಂದರು. ಸೋಮಿ ಸತ್ತಂದಿನಿಂದ ಕೊನೆಯವರೆಗೂ ಅಕ್ಕಿಯ ಅನ್ನ ಬಾಯಿಗಿಡಲಿಲ್ಲವಂತೆ. ಹಬ್ಬಕ್ಕೂ ಮುದ್ದೆಯೇ ಆಗಬೇಕಿತ್ತಂತೆ.

ಈಗಲೂ ನಾನು ಅದೇ ಬೀದಿಗಳಲ್ಲಿ ಓಡಾಡುತ್ತೇನೆ. ಆ ಮನೆಗಳೆಲ್ಲ ಚೆನ್ನಾಗಿವೆ. ಒಂದರಲ್ಲಿ ಮಗಳ ಮದುವೆಯಾಯಿತು, ಇನ್ನೊಂದರ ಮೇಲೆ ಮತ್ತೊಂದು ಮಹಡಿ ಎದ್ದಿತು. ಹಾಲಿನಮ್ಮ ತೀರಿಕೊಂಡದ್ದು ಅಲ್ಲಿ ಯಾರಿಗೂ ಗೊತ್ತಿಲ್ಲ, ಕೇಳಿದವರೂ ಇಲ್ಲ. ಯಾರ ಮನೆಗೂ ಏನೂ ಆಗಲಿಲ್ಲ. ಹಾಲಿನಮ್ಮನ ಮನೆಯೊಂದೇ ಹೋಯಿತು.