ಪಿಚರ್‌ಗೆ ಕೊಟ್ಟ ಕಪ್ಪು ಗುಳಿಗೆ

ಬೇಸ್‌ಬಾಲ್ ಅಂದರೆ ಬೇರೆಯವರಿಗೆ ಮಜಾ ನೆನಪಾಗುತ್ತೇನೋ, ನನಗಂತೂ ಈಗಲೂ ಹೆದರಿಕೆಯೇ ನೆನಪಾಗೋದು. ಅದಕ್ಕೆ ಕಾರಣ ನಾನೇ. ಇನ್ನೊಬ್ಬರನ್ನು ಬೈಯೋ ಹಾಗೂ ಇಲ್ಲ.

ಆಗ ನನಗೆ ಹತ್ತು ವರ್ಷ. ಆಸ್ಟ್ರೇಲಿಯಾದ ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ನಮ್ಮ ಮನೆ. ಅಪ್ಪ ಗಣಿಯಲ್ಲಿ ಜಿಯಾಲಜಿಸ್ಟ್, ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಅಲ್ಲಿ ಬೇಸಿಗೆ ಬರೋದೇ ವರ್ಷದ ಕೊನೆಗೆ. ಆ ಬೇಸಿಗೆ ನಮ್ಮೂರಿನ ಬೇಸ್‌ಬಾಲ್ ತಂಡದವರು ಹೊರದೇಶದ ಆಟಗಾರರಿಗೆ ಸೀಸನ್ ಮುಗಿಯೋವರೆಗೂ ಯಾರಾದರೂ ರೂಮು ಕೊಡ್ತೀರಾ ಅಂತ ಕೇಳಿದರು. ನಾನು ಅಮ್ಮನ ಪ್ರಾಣ ತಿಂದು ಒಪ್ಪಿಸಿದೆ. ಹಾಗೆ ನಮ್ಮನೆಗೆ ಬಂದವನು ಒಬ್ಬ ಅಮೆರಿಕದ ಪಿಚರ್, ಅಂದರೆ ಬಾಲ್ ಎಸೆಯುವವನು. ವಯಸ್ಸು ಇಪ್ಪತ್ತೆರಡು. ಅವನ ಊರಿನ ತಂಡ ಅವನನ್ನು ಕೈಬಿಟ್ಟಿತ್ತು. ಇಲ್ಲಿ ಚೆನ್ನಾಗಿ ಆಡಿದರೆ ವಾಪಸ್ ಕರೀತಾರೆ, ಇಲ್ಲಾಂದ್ರೆ ಚಿಕ್ಕಪ್ಪನ ಟೈರ್ ಅಂಗಡಿಯೇ ಗತಿ ಅಂತ ಬಂದ ದಿನವೇ ಹೇಳಿದ್ದ.

ಆಗ ಅಜ್ಜಿಯೂ ಮೈಸೂರಿಂದ ಬಂದಿದ್ದರು. ಅಜ್ಜಿಗೆ ಇಂಗ್ಲಿಷ್ ಬರಲ್ಲ, ಅವನಿಗೆ ಕನ್ನಡ ಬರಲ್ಲ, ನಡುವೆ ನಾನು. ತಟ್ಟೆಗೆ ಏನು ಬಿದ್ದರೂ ಅವನು ನನ್ನ ಮುಖ ನೋಡೋನು, ಇದರಲ್ಲಿ ಏನಿದೆ ಅಂತ. ನಾನು ಹೇಳಿದರೆ ಸಾಕು, ಬಿಸಿಬೇಳೆಬಾತನ್ನೂ ಕಣ್ಣಲ್ಲಿ ನೀರು ಹಾಕ್ಕೊಂಡು ತಿನ್ನೋನು. ಅವನು ನನ್ನ ಮಾತು ಕೇಳ್ತಾನೆ ಅಂತ ನನಗೆ ಎರಡು ಕೊಂಬು ಬಂದಿತ್ತು.

ಡಿಸೆಂಬರ್‌ನಲ್ಲಿ ಅವನ ಭುಜ ಹಿಡಿದುಕೊಂಡಿತು. ಬ್ರಿಸ್ಬೇನ್‌ಗೆ ಆಟಕ್ಕೆ ಹೊರಡೋಕೆ ಇನ್ನು ನಾಲ್ಕೇ ದಿನ. ಹಲ್ಲುಜ್ಜೋಕೂ ಎಡಗೈ ಬಳಸ್ತಿದ್ದ. ಅಜ್ಜಿ ಎರಡು ದಿನ ನೋಡಿದರು, ತಡೀಲಿಲ್ಲ. ತಮ್ಮ ಮಂಡಿ ನೋವಿಗೆ ಅಂತ ತಂದಿದ್ದ ಕಪ್ಪು ಗುಳಿಗೆ ತೆಗೆದು, ಜೇನುತುಪ್ಪದಲ್ಲಿ ತೇದು, ಬೆಳ್ಳಿ ಬಟ್ಟಲಲ್ಲಿ ತಂದು ಅವನ ಮುಂದೆ ಹಿಡಿದರು. ಅದರಲ್ಲಿ ಏನಿದೆ ಅಂತ ಎಂದಿನ ಹಾಗೆ ಅವನು ನನ್ನನ್ನು ಕೇಳಿದ. ನಾನು ಅಜ್ಜಿಯನ್ನು ಕೇಳಿದೆ. ಯಾರಿಗ್ಗೊತ್ತು, ಗುಳಿಗೆ ಕೊಡೋ ಪಂಡಿತರು ಅದನ್ನೆಲ್ಲ ಹೇಳಲ್ಲ ಅಂದರು.

ತಂಡದವರು ಕೊಟ್ಟ ಕಾಗದ ನಮ್ಮ ಫ್ರಿಜ್ ಮೇಲೇ ಇತ್ತು. ತಂಡದ ಡಾಕ್ಟರನ್ನು ಕೇಳದೆ ಆಟಗಾರರಿಗೆ ನೆಗಡಿ ಮಾತ್ರೆಯನ್ನೂ ಕೊಡಬೇಡಿ, ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಆಟದಿಂದಲೇ ತೆಗೆದುಹಾಕ್ತಾರೆ ಅಂತ. ಅದನ್ನು ಅಜ್ಜಿಗೆ ಹೇಳು ಅಂತ ಅಮ್ಮ ನನಗೇ ವಹಿಸಿದ್ದರು, ನಾನು ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಅವನು ಬ್ರಿಸ್ಬೇನ್‌ನಲ್ಲಿ ಆಡಲೇಬೇಕು ಅನ್ನೋದೊಂದೇ ನನ್ನ ತಲೆಯಲ್ಲಿದ್ದದ್ದು.

ಬರೀ ಶುಂಠಿ, ಮೆಣಸು, ಜೇನು ಅಂದೆ. ಅವನು ಒಂದೇ ಸಲಕ್ಕೆ ನೆಕ್ಕಿಬಿಟ್ಟ. ಮಾರನೇ ದಿನ, ಅದರ ಮಾರನೇ ದಿನವೂ ತಾನೇ ಬಂದು ಕೇಳಿ ತಗೊಂಡ.

ಬ್ರಿಸ್ಬೇನ್‌ನಲ್ಲಿ ಅವನ ಕೈಯೇ ಬೇರೆ ಆಗಿತ್ತು. ಅಲ್ಲಿ ಸಂಜೆಯ ಆಟ, ನಮಗಿನ್ನೂ ಸುಡು ಬಿಸಿಲು. ಲ್ಯಾಪ್‌ಟಾಪ್ ಮುಂದೆ ಅಜ್ಜಿ, ನಾನು. ಗೆದ್ದಾಗ ಇದು ನನ್ನ ಗುಳಿಗೆ ಕಣೇ ಪುಟ್ಟಿ ಅಂತ ಅಜ್ಜಿ ನನ್ನ ಬೆನ್ನಿಗೆ ಗುದ್ದಿದರು. ನಾನೂ ಕುಣಿದೆ, ಕತ್ತೆ.

ಮುಂದಿನ ವಾರ ಅಡಿಲೇಡ್. ಆಟ ಮುಗಿದ ಮೇಲೆ ಅವನು ಅಮ್ಮನಿಗೆ ಮೆಸೇಜ್ ಮಾಡಿದ್ದ. ಮಾರನೇ ದಿನ ಊಟ ಮಾಡುವಾಗ ಅಮ್ಮ ನಗುತ್ತಾ ಹೇಳಿದರು, ಪರೀಕ್ಷೆಗೆ ಮೂತ್ರ ಕೊಡು ಅಂತ ಅವನನ್ನು ಕೂರಿಸಿಕೊಂಡರಂತೆ, ಪಾಪ, ಬರದೆ ಎರಡು ಗಂಟೆ ನೀರು ಕುಡಿದನಂತೆ. ಅಜ್ಜಿಯೂ ನಕ್ಕರು. ನನ್ನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಅವತ್ತಿಂದ ಶುರುವಾಯಿತು ನೋಡಿ. ರಜಾ ದಿನಗಳು, ಸ್ಕೂಲೂ ಇಲ್ಲ, ಇಡೀ ದಿನ ಹೆದರೋದೇ ಕೆಲಸ. ಪೋಸ್ಟಿನವನ ಬೈಕ್ ಸದ್ದು ಕೇಳಿದರೆ ಬರಿಗಾಲಲ್ಲೇ ಓಡ್ತಿದ್ದೆ. ಮನೆ ಮುಂದೆ ಗುರುತಿಲ್ಲದ ಕಾರು ನಿಂತರೆ ಅಜ್ಜಿಯನ್ನು ಹಿಡಿಯೋಕೆ ಪೊಲೀಸರು ಬಂದರು ಅಂತಲೇ ಲೆಕ್ಕ. ಒಂದು ಬೆಳಿಗ್ಗೆ ಗುಳಿಗೆ ಡಬ್ಬಿಯನ್ನು ಪೇಪರಲ್ಲಿ ಸುತ್ತಿ ಕಸದ ಬಿನ್ನಿಗೆ ಹಾಕಿಬಿಟ್ಟೆ. ಅಜ್ಜಿ ಮೂರು ದಿನ ಮನೆಯೆಲ್ಲ ಹುಡುಕಿದರು. ನಾನೂ ಅವರ ಜೊತೆ ಮಂಚದ ಕೆಳಗೆ ಬಗ್ಗಿ ಹುಡುಕಿದೆ. ಆ ವಾರ ಮೈದಾನದಲ್ಲಿ ಮೆಟ್ಟಿಲು ಹತ್ತಲಾಗದೆ ಅಜ್ಜಿ ಕೆಳಗೇ ಕೂತರು. ಮೇಲೆ ಕೂತಿದ್ದ ನನಗೆ ಆಟ ಕಾಣಿಸ್ತಾನೇ ಇರಲಿಲ್ಲ.

ಜನವರಿ ಕೊನೆಗೆ ಅವನ ಭುಜ ಮತ್ತೆ ನೋಯೋಕೆ ಶುರುವಾಯಿತು. ಬೆಳಿಗ್ಗೆ ಅಡುಗೆಮನೆಗೆ ಬಂದು, ಅಜ್ಜಿಯ ಶುಂಠಿ ಔಷಧಿ ಇನ್ನೂ ಇದೆಯಾ ಅಂತ ನನ್ನನ್ನು ಕೇಳಿದ. ಬಾಯಿಂದ ಬಂದೇಬಿಟ್ಟಿತು.

"ಅದು ಶುಂಠಿ ಅಲ್ಲ. ಏನು ಅಂತ ನಮಗ್ಯಾರಿಗೂ ಗೊತ್ತಿಲ್ಲ."

ಅವನು ಕುರ್ಚಿ ಎಳೆದುಕೊಂಡು ನನ್ನ ಮುಂದೆ ಕೂತ. "ಮತ್ತೆ ಯಾಕೆ ಹಾಗಂದೆ?"

"ನೀನು ಆಡಲಿ ಅಂತ."

ಬೈತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ಫೋನ್ ತೆಗೆದ, ಡಾಕ್ಟರ ನಂಬರನ್ನು ಎರಡು ಸಲ ತಪ್ಪು ಒತ್ತಿ, ಅದನ್ನು ಮೇಜಿನ ಮೇಲಿಟ್ಟು ಅಮ್ಮನನ್ನು ಕೂಗಿದ. ಅಷ್ಟು ದಿನ ನನ್ನ ಹೊಟ್ಟೆಯಲ್ಲಿದ್ದ ಭಯವನ್ನು ಎತ್ತಿ ಅವನಿಗೆ ಕೊಟ್ಟಿದ್ದೆ, ನನ್ನದೇನೂ ಕಮ್ಮಿ ಆಗಿರಲಿಲ್ಲ. ಅಮ್ಮ ಬಂದರು, ಅಜ್ಜಿಗೆ ಎಲ್ಲ ಹೇಳಿದರು. ಅಜ್ಜಿ ನನ್ನ ಕಡೆ ತಿರುಗಲೂ ಇಲ್ಲ. ಕುಂಟುತ್ತಾ ಹೋಗಿ ಆ ಹುಡುಗನ ಮುಂದೆ ಕೈ ಮುಗಿದು ನಿಂತರು. ಎಪ್ಪತ್ತು ದಾಟಿದವರು. ಅದನ್ನು ನೋಡಿದ ಮೇಲೆ ನಾನು ರೂಮಿಗೆ ಹೋಗಿ ದಿಂಬು ಕಚ್ಚಿಕೊಂಡು ಅತ್ತೆ.

ಅಮ್ಮನೇ ತಂಡದ ಡಾಕ್ಟರಿಗೆ ಎಲ್ಲ ತಿಳಿಸಿದರು. ಪರೀಕ್ಷೆಯ ಫಲಿತಾಂಶ ಬರೋವರೆಗೂ ಕಾಯಿರಿ ಅಂದರಂತೆ. ಹನ್ನೊಂದು ದಿನ ನಮ್ಮನೆಯಲ್ಲಿ ಟಿವಿಯನ್ನೂ ಯಾರೂ ಜೋರಾಗಿ ಹಾಕಲಿಲ್ಲ. ಅವನು ಆಡೋಕೆ ಹೋಗಿ ಬರೋನು, ಬಂದು ಬಾಗಿಲು ಹಾಕ್ಕೊಳ್ಳೋನು. ಕೊನೆಗೆ ಫೋನ್ ಬಂತು. ಅಡಿಲೇಡ್‌ನ ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ. ಅಮ್ಮ ದೇವರಿಗೆ ದೀಪ ಹಚ್ಚಿದರು. ಅಜ್ಜಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಅವನು ಹೊರಡೋ ಹಿಂದಿನ ದಿನ ಮಧ್ಯಾಹ್ನ ಅಜ್ಜಿ ಕ್ಯಾರೆಟ್ ಹಲ್ವಾ ಮಾಡಿದ್ದರು. ಅವನ ತಟ್ಟೆಗೆ ಬಡಿಸಿ, ಏನೇನು ಹಾಕಿದೀನಿ ಹೇಳೇ ಅಂತ ನನಗಂದರು. ಕ್ಯಾರೆಟ್, ಹಾಲು, ಸಕ್ಕರೆ, ತುಪ್ಪ ಅಂತ ನಾನು ಒಂದೊಂದಾಗಿ ಹೇಳಿದೆ. ಅವನು ನನ್ನ ಕಡೆ ನೋಡಿ ನಕ್ಕ, ಒಳ್ಳೆಯ ನಗುವೇ. ಆದರೆ ಸ್ಪೂನ್ ಎತ್ತಲಿಲ್ಲ. ಅಮ್ಮನ ಕಡೆ ತಿರುಗಿ, ಇದರಲ್ಲಿ ಏನಿದೆ ಅಂತ ಕೇಳಿದ.

ಅಮ್ಮ ಅದನ್ನೇ ಹೇಳಿದರು. ಆಮೇಲೆ ತಿಂದ.