ಪುಕ್ಕಟೆ ಸರ್ವರಿಗೆ ಗೇರೆಣ್ಣೆ

ಮಂಗಲಾಬಾಯಿಯ ಸಿಟ್ಟು ಕಾರವಾರದ ಕೋಡಿಬಾಗದಲ್ಲಿ ಯಾರಿಗೂ ಹೊಸದಲ್ಲ. ಬಂಗಡೆ ಮೀನಿನ ತೂಕದಲ್ಲಿ ಕೈಚಳಕ ತೋರಿಸಿದ ಒಬ್ಬ ವ್ಯಾಪಾರಿಯನ್ನು ಅವನದೇ ತಕ್ಕಡಿ ಹಿಡಿದು ಕಾಳಿ ನದಿಯ ದಂಡೆಯವರೆಗೂ ಅಟ್ಟಿದವಳು ಅವಳು. ಮಾತು ಶುರುವಾಯಿತೆಂದರೆ ಎದುರಿನವರಿಗೆ ಹೂಂ ಅನ್ನಲೂ ಪುರಸೊತ್ತಿಲ್ಲ. ಅಂಥವಳಿಗೆ ಜುಲೈ ಕೊನೆಯ ಆ ಗುರುವಾರ, ಮೀನು ಮಾರುವ ಹೆಂಗಸರ ಸಂಘದ ಆಫೀಸಿನ ಬಾಗಿಲು ತೆಗೆದು ನಿಂತಾಗ, ಮಾತೇ ಹೊರಡಲಿಲ್ಲ.

ಮೇಜಿನ ಮೇಲಿದ್ದ ಕಂಪ್ಯೂಟರ್ ಸರ್ವರ್ ಪೆಟ್ಟಿಗೆಯನ್ನು ಯಾರೋ ನೀಲಿ ತಾಡಪತ್ರಿಯಲ್ಲಿ ಸುತ್ತಿ, ಬಲೆಯ ಹಗ್ಗದಿಂದ ಬಿಗಿದು ಕಟ್ಟಿದ್ದರು. ಕತ್ತಿಯಿಂದ ಹಗ್ಗ ಕೊಯ್ದು ಬಿಚ್ಚಿದರೆ ಪೆಟ್ಟಿಗೆ ಕರ್ರಗೆ ಮಿಂಚುತ್ತಿತ್ತು. ಮುಟ್ಟಿದ ಬೆರಳು ಅಂಟಿಕೊಂಡಿತು. ವಾಸನೆಯೇ ಹೇಳಿತು, ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಎಣ್ಣೆಯನ್ನು ಮಳೆಗಾಲಕ್ಕೆ ಮೇಲೆಳೆದ ದೋಣಿಗಳಿಗೆ ಬಳಿಯುತ್ತಾರೆ, ಮರ ಕೊಳೆಯಬಾರದು ಅಂತ. ಇಲ್ಲಿ ಯಾರೋ ಪುಣ್ಯಾತ್ಮರು ಕಬ್ಬಿಣದ ಪೆಟ್ಟಿಗೆಗೆ ಬಳಿದಿದ್ದರು. ಹೊರಗಷ್ಟೇ ಬಳಿದು ಬಿಟ್ಟಿದ್ದರೆ ಬದುಕಿಕೊಳ್ಳುತ್ತಿತ್ತೇನೋ. ಪಕ್ಕದ ಮುಚ್ಚಳ ತೆಗೆದು ಒಳಗೂ ಮೂಲೆ ಮೂಲೆಗೆ ಬ್ರಶ್ ಆಡಿಸಿದ್ದರು. ಮಂಗಲಾ ಸುಮ್ಮನೆ ಆಸೆಗೆ ಸ್ವಿಚ್ ಒತ್ತಿದಳು. ಒಂದು ಸುಟ್ಟ ವಾಸನೆ ಬಂತು, ಅಷ್ಟೇ.

"ಯಾರ ಕೈಗೆ ಕುಷ್ಠ ಬಂತಪ್ಪಾ" ಎಂದು ಖಾಲಿ ಕೋಣೆಗೇ ಬೈದಳು.

ಅವಳ ಹೊಟ್ಟೆ ಉರಿಯುವುದಕ್ಕೆ ಕಾರಣ ಇತ್ತು. ಮೊದಲೆಲ್ಲ ಕಾರವಾರದ ಹೆಂಗಸರಿಗೆ ಮೀನು ಕೊಳ್ಳುವ ಏಜೆಂಟರು "ಅಂಕೋಲೆಯಲ್ಲಿ ಇವತ್ತು ಬಂಗಡೆ ಕೇಳುವವರಿಲ್ಲ" ಎನ್ನುತ್ತಿದ್ದರು. ಅಂಕೋಲೆಯವರಿಗೆ ಕಾರವಾರದ ಹೆಸರು ಹೇಳಿ ಅದೇ ಮಾತು. ಎರಡೂ ಕಡೆ ಸುಳ್ಳು, ದರ ಇಳಿಸಲಿಕ್ಕೆ. ಈ ಸರ್ವರ್ ಬಂದ ಮೇಲೆ ಎರಡೂ ಊರಿನ ದರ ಬೆಳಗಾಗುವಷ್ಟರಲ್ಲಿ ಸಂಘದ ಪ್ರತಿಯೊಬ್ಬ ಹೆಂಗಸಿನ ಫೋನಿಗೆ ಮೆಸೇಜಾಗಿ ಬರುತ್ತಿತ್ತು. ಏಜೆಂಟರ ಬಾಯಿ ಬಂದ್ ಆಗಿತ್ತು. ಆಗಸ್ಟ್ ಹುಟ್ಟಿದರೆ ದೋಣಿಗಳು ಮತ್ತೆ ಇಳಿಯುತ್ತವೆ, ಮೀನು ಬರುತ್ತದೆ. ದರದ ಮೆಸೇಜು ಬರದಿದ್ದರೆ ಮತ್ತೆ ಆ ಏಜೆಂಟರ ಬಾಯಿಯನ್ನೇ ನಂಬಬೇಕು.

ಸರ್ವರ್ ಕಟ್ಟಿ ನಿಲ್ಲಿಸಿದವಳು ಮಂಗಲಾಳೇ. ಮದುವೆಗೆ ಮುಂಚೆ ಅಂಕೋಲೆಯ ಒಂದು ಗೇರು ಕಾರ್ಖಾನೆಯಲ್ಲಿ ಕಂಪ್ಯೂಟರಿಗೆ ಲೆಕ್ಕ ತುಂಬುತ್ತಿದ್ದಳು. ಅಲ್ಲಿಯ ಯಂತ್ರಗಳಲ್ಲಿ ಲಿನಕ್ಸ್ ಎಂಬ, ದುಡ್ಡು ಕೊಡಬೇಕಿಲ್ಲದ ಸಿಸ್ಟಮ್ ಇತ್ತು. ಹಾಳಾದಾಗ ರಿಪೇರಿಗೆ ಯಾರೂ ಬಾರದ್ದರಿಂದ ಅವಳೇ ಕೈಹಾಕಿ, ಕೆಡಿಸಿ, ಬೈಸಿಕೊಂಡು ಕಲಿತಳು. ಸಂಘಕ್ಕೆ ಪೆಟ್ಟಿಗೆ ಬಂದಾಗ ಅದರಲ್ಲಿ ಹಾಕುವ ಸಿಸ್ಟಮ್ಮಿಗೆ ಬೇರೆ ದುಡ್ಡು ಕೊಡಬೇಕೆಂದು ಕೇಳಿ ಅಧ್ಯಕ್ಷೆ ಕಲಾವತಿ ಮುಖ ಕಹಿ ಮಾಡಿದಳು. ಮಂಗಲಾ ಲಿನಕ್ಸ್ ಹಾಕಿದಳು. ಬಿಡಿಗಾಸು ಖರ್ಚಿಲ್ಲ. "ಪುಕಟವಾ?" ಎಂದು ಕಲಾವತಿ ಖುಷಿಯಾಗಿ ಕೇಳಿದ್ದಳು. ಪುಕ್ಕಟೆ ಎಂಬ ಆ ಮಾತು ಅಂದಿನಿಂದ ಮಂಗಲಾಳ ಬೆನ್ನು ಬಿಟ್ಟಿಲ್ಲ.

ಯಂತ್ರ ಮಾತ್ರ ಚಿನ್ನ. ವರ್ಷಗಟ್ಟಲೆ ಒಂದು ವೈರಸ್ ಹತ್ತಲಿಲ್ಲ, ನಿಂತು ಸತಾಯಿಸಲಿಲ್ಲ, ಬಾಡಿಗೆ ಕೊಡಿ ಎಂದು ಯಾರೂ ಬಾಗಿಲು ಬಡಿಯಲಿಲ್ಲ. ಹಾಗಂತ ಅದರ ಕಾಟ ಮಂಗಲಾಗೆ ಗೊತ್ತಿಲ್ಲದ್ದೇನಲ್ಲ. ಪ್ರಿಂಟರ್ ಅದರ ಮಾತು ಕೇಳುವಂತೆ ಮಾಡುವುದರೊಳಗೆ ಅವಳ ಅರ್ಧ ಆಯುಷ್ಯ ಹೋಗಿತ್ತು. ಜಿಲ್ಲೆಯ ಆಫೀಸಿಗೆ ಕಳಿಸುವ ಲೆಕ್ಕದ ಪ್ರೋಗ್ರಾಮು ಅದರಲ್ಲಿ ನಡೆಯುವುದೇ ಇಲ್ಲ, ಅದಕ್ಕೆ ಪ್ರತಿ ಸಲ ಅಂಕೋಲೆಯ ಗೆಳತಿಯ ಅಂಗಡಿಗೆ ಬಸ್ಸು ಹತ್ತಬೇಕು. ಕೆಟ್ಟರೆ ಫೋನ್ ಮಾಡಿ ಕರೆಯಲು ಒಂದು ನರಪಿಳ್ಳೆ ಇಲ್ಲ. ಅಷ್ಟೆಲ್ಲ ಹೆಣಗಿದ್ದು ಯಾರಿಗೆ ಕಾಣುತ್ತದೆ? ಪುಕ್ಕಟೆ ಯಂತ್ರ ನೋಡಿಕೊಳ್ಳುವವಳೂ ಪುಕ್ಕಟೆ ಎಂದೇ ಸಂಘದ ಲೆಕ್ಕ.

ಮಳೆಗಾಲಕ್ಕೆ ಮೀನುಗಾರಿಕೆ ಬಂದ್ ಆಗುವ ಜೂನ್ ತಿಂಗಳಲ್ಲಿ "ಸುಮ್ನೆ ಕರೆಂಟ್ ಯಾಕೆ ಸುಡೂದು" ಎಂದು ಕಲಾವತಿ ಹೇಳಿದ್ದಕ್ಕೆ ಮಂಗಲಾಳೇ ಯಂತ್ರ ಬಂದ್ ಮಾಡಿ, ತಂಗಿ ಮಗಳ ಬಾಣಂತನಕ್ಕೆ ಅಂಕೋಲೆಗೆ ಹೋಗಿದ್ದಳು. ಹೋಗುವಾಗ ಗಂಡ ತುಳಸಿದಾಸನಿಗೆ, ಆಫೀಸಿನ ಹಂಚಿನ ಮಾಡು ಸೋರುತ್ತದೆ, ಯಂತ್ರದ ಮೇಲೆ ಒಂದು ಕಣ್ಣಿರಲಿ ಅಂದಿದ್ದಳು. ಆಮೇಲೆ ಅವನೂ ಬಲೆ ಹೊಲಿಯುವ ಕೆಲಸಕ್ಕೆ ಗೋವಾಕ್ಕೆ ಹೋದ. ಆಫೀಸಿನ ಕೀಲಿ ಕಲಾವತಿಯ ಮನೆಯ ಮೊಳೆಗೆ ನೇತುಬಿದ್ದಿತ್ತು, ಯಾರು ಬೇಕಾದರೂ ತೆಗೆಯಬಹುದಿತ್ತು.

ಮಂಗಲಾ ಸೀದಾ ಕಲಾವತಿಯ ಮನೆಗೆ ಹೋಗಿ, ಪೆಟ್ಟಿಗೆ ಸತ್ತಿದೆ ಎಂದಳು. ಕಲಾವತಿ ಒಣಮೀನು ಗೋಣಿಗೆ ತುಂಬುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ.

"ಪುಕಟ ಸಿಕ್ಕಿದ ಮಾಲು ಎಷ್ಟು ದಿನ ಬರ್ತದೆ ಮಂಗಲಾ? ಬಂದಷ್ಟು ಬಂತು. ಆ ಬಾಳೆಗುಳಿ ಕಂಪ್ಯೂಟರ್ ಅಂಗಡಿ ಕಿಶನ ಕಂಪನಿ ಸಿಸ್ಟಮ್ ಹಾಕಿ ಕೊಡ್ತ ಅಂದ. ಜೂನ್‌ನಲ್ಲೇ ಬಂದು ಆಫೀಸು ನೋಡ್ಕಂಡು ಹೋಗಿದ್ದ. ಆದಿತ್ಯವಾರ ಮೀಟಿಂಗ್ ಕರ್ದಿದ್ದೆ, ಅವತ್ತೇ ಠರಾವು ಮಾಡ್ವಾ."

ನೋಡಿಕೊಂಡು ಹೋಗಿದ್ದನಂತೆ! ಮಂಗಲಾಳ ತಲೆ ಗಿರ್ ಅಂತು. ಈ ಕಿಶನನ ಭಾವನೇ ಮೀನಿನ ಲಾರಿಯ ದೊಡ್ಡ ವ್ಯಾಪಾರಿ, ದರದ ಮೆಸೇಜಿನಿಂದ ನಷ್ಟ ಆದವನು. ಕಳ್ಳ ಯಾರು ಎಂದು ಬೇರೆ ಹುಡುಕಬೇಕೇ?

ಮರುದಿನ ಬಸ್ಸು ಹತ್ತಿ ಅಂಕೋಲೆ ದಾಟಿ ಬಾಳೆಗುಳಿಯಲ್ಲಿ ಇಳಿದಳು. ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಕಿಶನ ಎಸಿ ಹಾಕಿಕೊಂಡು ಕೂತಿದ್ದ.

"ನಮ್ಮ ಮಿಷನ್ನಿಗೆ ಎಣ್ಣೆ ಬಳ್ದದ್ದು ನೀನೇ."

"ಎಂತಾ ಎಣ್ಣೆ ಅಕ್ಕಾ?"

"ಗೇರೆಣ್ಣೆ. ಗೊತ್ತಿಲ್ದವನ ಹಂಗೆ ಆಡ್ಬೇಡ."

"ಅದನ್ನ ಮುಟ್ಟಿದ್ರೆ ನಂಗೆ ಮೈಯೆಲ್ಲಾ ಗುಳ್ಳೆ ಏಳ್ತದೆ. ನಾ ಬರೀ ನೋಡಿ ಬಂದೆ." ಅವನು ನಕ್ಕ. "ಹೋಗ್ಲಿ ಬಿಡಿ. ನಮ್ದು ಹಾಕ್ಸಿದ್ರೆ ಇಂಥಾ ತಾಪತ್ರಯ ಇಲ್ಲ. ಒಂದು ಫೋನ್ ಹೊಡೀರಿ, ಜನ ಬರ್ತಾರೆ. ನಿಮ್ಮ ದರ ಎಲ್ಲಾ ನಮ್ಮ ಹತ್ರನೇ ಭದ್ರ ಇರ್ತದೆ."

"ನಿನ್ನ ಹತ್ರ ಭದ್ರ ಇಟ್ಟು ನಿನ್ನ ಭಾವಂಗೆ ಮೊದ್ಲು ಹೇಳ್ಲಿಕ್ಕಾ?" ಎಂದು ಮಂಗಲಾ ಅಂಗಡಿಯ ಗಾಜಿನ ಬಾಗಿಲು ದಡಾರನೆ ಎಳೆದುಕೊಂಡು ಬಂದಳು. ಅವನ ನಗು ಬಸ್ಸಿನಲ್ಲಿಯೂ ಕಣ್ಣ ಮುಂದೆಯೇ ಇತ್ತು.

ಅಂಕೋಲೆ ಬಸ್‌ಸ್ಟ್ಯಾಂಡಿನ ಹತ್ತಿರ, ಗೇರು ಕಾರ್ಖಾನೆಯ ಹಳೆಯ ಗೆಳತಿ ಮನಿಷಾ ಝೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಅವಳ ಅಟ್ಟದಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಗೋಣಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಮಂಗಲಾ ಕಾರವಾರಕ್ಕೆ ಬಂದಳು. ಮನೆಯ ಅಕ್ಕಿಡಬ್ಬಿಯಲ್ಲಿ ಸರ್ವರಿನ ನಕಲು ಹಾಕಿದ ಡಿಸ್ಕ್ ಒಂದನ್ನು ಹೂತಿಟ್ಟಿದ್ದಳು, ಉಪ್ಪುಗಾಳಿ ತಾಗದಿರಲಿ ಅಂತ. ಹಳೇ ಪೆಟ್ಟಿಗೆಗೆ ಅದೇ ಲಿನಕ್ಸನ್ನು ಮತ್ತೆ ಹಾಕಿದಳು. ಯಾರ ಅಪ್ಪಣೆಯೂ ಬೇಕಾಗಲಿಲ್ಲ, ಯಾವ ಲೈಸೆನ್ಸ್ ನಂಬರನ್ನೂ ಅದು ಕೇಳಲಿಲ್ಲ. ಎಲ್ಲ ಸರಿಯಾಯಿತು, ಮೆಸೇಜು ಕಳಿಸುವ ಸಿಮ್ಮಿನ ಸಾಧನ ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. ಕೇಳುವುದು ಯಾರನ್ನು? ಇಂಟರ್ನೆಟ್ಟಿನಲ್ಲಿ ಹರುಕು ಇಂಗ್ಲಿಷಿನಲ್ಲಿ ಬರೆದಳು. ಒಬ್ಬ, ಮೊದಲು ಪುಸ್ತಕ ಓದಿ ಬಾ ಎಂದು ಉಗಿದ. ಅವನು ಎದುರಿಗಿದ್ದಿದ್ದರೆ ಅವನಿಗೂ ತಕ್ಕಡಿಯೇ. ಯಾವುದೋ ದೇಶದ ಇನ್ನೊಬ್ಬ, ಮುಖ ಕಾಣದವನು, ಎರಡೇ ಸಾಲಿನಲ್ಲಿ ದಾರಿ ಹೇಳಿದ. ಶನಿವಾರ ಮಧ್ಯಾಹ್ನ ಮೊದಲ ಮೆಸೇಜು ಅವಳ ಫೋನಿನಲ್ಲೇ ಟಿಣ್ ಅಂತು.

ಸಂಜೆ ತುಳಸಿದಾಸ ಗೋವಾದಿಂದ ಬಂದ. ಚಾ ಕುಡಿಯುತ್ತ ಕೂತವನು ತಾನಾಗಿಯೇ ಕೇಳಿದ.

"ಮಿಷನ್ ಬಿಚ್ಚಿದ್ಯಾ? ನೀರು ಹೊಕ್ಕಿಲ್ಲ ಅಲ್ವಾ?"

"ಎಂತಾ ಅಂದ್ರಿ?"

"ಮಾಡು ಸೋರ್ತಿತ್ತು. ಚಲೋ ಎಣ್ಣೆ ಹಾಕಿ ಕಟ್ಟಿಟ್ಟಿದ್ದೆ." ಅವನ ಮುಖದಲ್ಲಿ ದೊಡ್ಡ ಕೆಲಸ ಮಾಡಿದ ಸಂತೋಷ. "ಒಂದು ಕೈ ಬಳ್ದು, ಒಣಗಿದ ಮೇಲೆ ಇನ್ನೊಂದು ಕೈ. ಒಳಗಿನ ಹಸಿರು ಹಲಗೆನೂ ಬಿಡ್ಲಿಲ್ಲ. ದೋಣಿಗೆ ಈ ವರ್ಷ ಒಂದೇ ಕೈ ಆಯ್ತು, ಡಬ್ಬಿ ಖಾಲಿ."

ಮಂಗಲಾ ಅವನ ಕೈ ನೋಡಿದಳು. ಬೆರಳ ಸಂದಿಯಲ್ಲಿ ಗೇರೆಣ್ಣೆ ಸುಟ್ಟ ಕಪ್ಪು ಕಲೆ ಇನ್ನೂ ಇತ್ತು. ಮೊಬೈಲಿನಲ್ಲಿ ಅಲಾರಂ ಇಡಲೂ ಹೆಂಡತಿಯನ್ನು ಕರೆಯುವ ಈ ಮನುಷ್ಯ ಯಂತ್ರದ ಹತ್ತಿರ ಸುಳಿಯುತ್ತಾನೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ತನ್ನ ಹೊಟ್ಟೆಪಾಡಿನ ದೋಣಿಗೆ ಒಂದು ಕೈ, ಇವಳ ಯಂತ್ರಕ್ಕೆ ಎರಡು ಕೈ. ಇಂಥವನನ್ನು ಏನೆಂದು ಬೈಯುವುದು? ಬೈಯಲಾಗದ್ದಕ್ಕೆ ಸಿಟ್ಟು ಇನ್ನೂ ಏರಿತು. ಅಂಗಳಕ್ಕೆ ಹೋಗಿ ಸುಮ್ಮನೆ ಬಿದ್ದಿದ್ದ ಕೊಡಪಾನವನ್ನು ಒದ್ದಳು.

"ನಾಳೆ ಮೀಟಿಂಗಿಗೆ ಬನ್ನಿ" ಎಂದಳು, ಅಷ್ಟೇ.

ಮೀಟಿಂಗಿನಲ್ಲಿ ಕಿಶನ ಬಿಳಿ ಅಂಗಿ ಹಾಕಿಕೊಂಡು ಎಲ್ಲರಿಗೂ ಕೈ ಮುಗಿದ. ಪುಕ್ಕಟೆ ಸಿಸ್ಟಮ್ಮಿಗೆ ಹೇಳುವವರು ಕೇಳುವವರು ಇಲ್ಲ, ಕೆಟ್ಟರೆ ಜವಾಬ್ದಾರಿ ಯಾರದು ಅಂದ. ಹೆಂಗಸರು ಹೌದೆಂದು ತಲೆಯಾಡಿಸಿದರು. ಮಂಗಲಾ ಎದ್ದಳು.

"ಅವ ಹೇಳಿದ್ದು ಸುಳ್ಳಲ್ಲ. ಕೆಟ್ರೆ ಕರೀಲಿಕ್ಕೆ ಯಾರೂ ಇಲ್ಲ, ನಾವೇ ಸಾಯ್ಬೇಕು. ಆದ್ರೆ ಸತ್ತದ್ದು ಪೆಟ್ಟಿಗೆ, ಸಿಸ್ಟಮ್ ಅಲ್ಲ. ಅದನ್ನ ಬೇರೆ ಪೆಟ್ಟಿಗೆಗೆ ಹಾಕಿ ಎಬ್ಸಿ ಇಟ್ಟಿದ್ದೆ. ಕಿಶನಾ, ನಿಮ್ದು ಹಂಗೆ ಹಾಕ್ಲಿಕ್ಕೆ ಆಗ್ತದಾ? ಯಾರನ್ನೂ ಕೇಳದೆ?"

"ಕಂಪನಿಗೆ ಅರ್ಜಿ ಕೊಟ್ರೆ..." ಎಂದು ಕಿಶನ ರಾಗ ಎಳೆದ.

ಕಲಾವತಿ ಬಿಡಲಿಲ್ಲ. "ಅದೆಲ್ಲ ಸರಿ ಮಂಗಲಾ. ಪೆಟ್ಟಿಗೆ ಸತ್ತದ್ದು ಹೆಂಗೆ? ಅದು ಹೇಳು. ಕಾರಣ ಗೊತ್ತಿಲ್ದೆ ಮತ್ತೆ ಅದನ್ನೇ ನಂಬೂದಾ?"

ಹಿಂದೆ ಬಾಗಿಲ ಹತ್ತಿರ ತುಳಸಿದಾಸ ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ತನ್ನ ಎಣ್ಣೆಯಿಂದಲೇ ಪೆಟ್ಟಿಗೆ ಸತ್ತದ್ದೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಹೇಳದಿದ್ದರೆ ಮೆಸೇಜು ಕಿಶನನ ಪಾಲು. ಹೇಳಿದರೆ ಗಂಡ ಊರ ಬಾಯಿಗೆ.

"ನಮ್ಮನೆಯವ್ರು ಅದಕ್ಕೆ ಗೇರೆಣ್ಣೆ ಬಳ್ದು ಕಟ್ಟಿಟ್ಟಿದ್ರು" ಎಂದಳು.

ಮೊದಲು ಒಬ್ಬಳು ಕಿಸಕ್ ಅಂದಳು. ಆಮೇಲೆ ಇಡೀ ಕೋಣೆ. ತುಳಸಿದಾಸನ ಮುಖ ಇಷ್ಟಗಲ ಆಗಿ, ಆಮೇಲೆ ಕಪ್ಪಿಟ್ಟಿತು.

"ನೀನೇ ಅಲ್ವಾ ಹೇಳಿದ್ದು," ಎಂದ ಮೆಲ್ಲಗೆ, "ನಿಮ್ಮ ದೋಣಿ ಹಂಗೆ ನೋಡ್ಕಣಿ ಅಂತ."

ಹೌದು, ಹಾಗೆಯೇ ಅಂದಿದ್ದಳು. ನಗು ಮತ್ತಷ್ಟಾಯಿತು. ಅವನು ಟವೆಲು ಝಾಡಿಸಿ ಹೊರಗೆ ನಡೆದ. ಆ ನಗುವಿನಲ್ಲಿಯೇ ಕಿಶನನ ಕಂಪನಿ ಕೊಚ್ಚಿಹೋಯಿತು. ಕಲಾವತಿ ಕಣ್ಣೊರೆಸಿಕೊಂಡು, "ಹಂಗಾದ್ರೆ ನಮ್ಮ ಪುಕಟದ್ದೇ ಇರ್ಲಿ. ಖರ್ಚಿಲ್ಲ. ನೋಡ್ಕಳ್ಳೂಕೆ ಮಂಗಲಾ ಇದ್ದೇ ಇದ್ದಾಳೆ" ಎಂದಳು.

ಗಂಡನ ಮಾನ ಎಲ್ಲರೆದುರು ಹರಾಜು ಹಾಕಿ ಉಳಿಸಿದ್ದು ಇದಕ್ಕೇ? ನಿನ್ನೆಯಿಂದ ಬೈಯಲಾಗದೆ ಉಳಿದದ್ದೆಲ್ಲ ಆಗ ಹೊರಗೆ ಬಂತು.

"ಇಲ್ಲ! ಮಂಗಲಾ ಇಲ್ಲ. ನಂಗೆ ಜ್ವರ ಬಂದ್ರೆ ಯಾರು ಕೂತ್ಕಳ್ತ್ರಿ? ನಾ ಸತ್ರೆ? ಅದು ಪುಕಟ ಅಂದ್ರೆ ಯಾರೋ ಎಲ್ಲೋ ಕೂತು ನಮ್ಮ ಸಲುವಾಗಿ ಮೈ ಮುರ್ದಿದ್ರು ಅಂತ ಅರ್ಥ. ಗುರ್ತಿಲ್ಲದವ ಒಬ್ಬ ನಿನ್ನೆ ನಂಗೆ ದಾರಿ ಹೇಳ್ದ. ನೀವು? ರಂಪಣಿ ಬಲೆ ಎಳೀವಾಗ ಹಗ್ಗಕ್ಕೆ ಕೈ ಹಚ್ಚದವ್ರಿಗೆ ಪಾಲು ಕೊಡ್ತ್ರಾ? ದಂಡೆ ಮೇಲೆ ನಿಂತು ನೋಡ್ದವ್ರಿಗೆ ಒಂದು ತಾರ್ಲೆ ಮೀನಾದ್ರೂ ಕೊಟ್ಟಿದ್ರಾ ಕಲಾವತಿ ಅಕ್ಕಾ? ಇಷ್ಟು ವರ್ಷ ಈ ಹಗ್ಗ ನಾನೊಬ್ಳೇ ಎಳ್ದೆ. ಇನ್ನು ಯಾರ ಮನೆಯಿಂದ ಒಬ್ರು ಬಂದು ಕೆಲ್ಸ ಕಲೀತ್ರೋ ಆ ಮನೆಗಷ್ಟೇ ಮೆಸೇಜು."

"ಸೊಕ್ಕು ನೋಡು ಇವಳದು" ಎಂದು ಕಲಾವತಿ ಎದ್ದುಬಿಟ್ಟಳು. ಎಲ್ಲರೂ ಅವಳ ಹಿಂದೆ ಎದ್ದರು.

ದೋಣಿ ಇಳಿಯುವ ಹಿಂದಿನ ದಿನ ಮಂಗಲಾ ಬೆಳಿಗ್ಗೆಯೇ ಆಫೀಸು ತೆಗೆದು ಕೂತಳು. ಒಬ್ಬರೂ ಬರಲಿಲ್ಲ. ಮೂಲೆಯಲ್ಲಿ ಸತ್ತ ಪೆಟ್ಟಿಗೆ ಕರ್ರಗೆ ಕೂತಿತ್ತು. ಮೀಟಿಂಗಿನ ನಂತರ ತುಳಸಿದಾಸ ಅವಳೊಂದಿಗೆ ಮಾತೇ ಆಡಿರಲಿಲ್ಲ, ಉಣ್ಣುವಾಗ ಉಪ್ಪು ಕೂಡ ಕೇಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಅವನೇ ಬಂದು ನಿಂತ. ಒಂದು ಕೈಯಲ್ಲಿ ಸೀಮೆಎಣ್ಣೆ ಬಾಟಲಿ, ಇನ್ನೊಂದರಲ್ಲಿ ಹಳೇ ಲುಂಗಿಯ ಚಿಂದಿ. ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಉಜ್ಜತೊಡಗಿದ.

"ಅದು ಸತ್ತದೆ. ಎಷ್ಟು ಉಜ್ಜಿದ್ರೂ ಏಳೂದಿಲ್ಲ."

ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಎಲ್ರ ಮುಂದೆ ನನ್ನ ಹೆಸ್ರು ತೆಗ್ದೆ."

"ತೆಗ್ದೆ. ತೆಗೀದಿದ್ರೆ ಈಗ ಈ ಕುರ್ಚಿ ಮೇಲೆ ಕಿಶನ ಕೂತಿರ್ತಿದ್ದ. ಇನ್ನೊಂದು ಸಲ ಬಂದ್ರೂ ತೆಗೀತೆ." ಅವಳು ಪಕ್ಕದ ಕುರ್ಚಿಗೆ ಸರಿದಳು. "ಅದನ್ನ ಬಿಟ್ಟು ಇಲ್ಲಿ ಬಂದು ಕೂತ್ಕಳಿ."

ಅವನು ಕೈ ತೊಳೆದು ಬಂದು ಕುರ್ಚಿಯ ತುದಿಯಲ್ಲಿ ಕೂತ. ದಪ್ಪ ಬೆರಳೊಂದನ್ನು ಕೀಬೋರ್ಡಿನ ಮೇಲೆ ಹುಡುಕಾಡಿಸಿ 'ಬಂಗಡೆ' ಹೊಡೆಯಲು ಹೋಗಿ ತಪ್ಪಿದ. ಅಳಿಸಿ ಮತ್ತೆ ಹೊಡೆಯಿರಿ ಎಂದು ಅವಳು ಗದರಿದಳು. ಮತ್ತೆ ಹೊಡೆದ. ಮತ್ತೆ ತಪ್ಪಿದ.

ಬಾಗಿಲಲ್ಲಿ ನೆರಳಾಡಿತು. ಕಲಾವತಿ ಮೀನಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು, ಅವಳ ಹಿಂದೆ ಮತ್ತಿಬ್ಬರು ಹೆಂಗಸರು. ಒಳಗೆ ಬರಲೂ ಇಲ್ಲ, ಹೋಗಲೂ ಇಲ್ಲ.

"ನಾಳೆ ದೋಣಿ ಇಳೀತದೆ," ಎಂದಳು ಕಲಾವತಿ ಗೋಡೆ ನೋಡುತ್ತ. "ನಮ್ಮನೆಗೆ ಮೆಸೇಜು ಬರೂದಿಲ್ವಾ ಹಂಗಾದ್ರೆ?"

ಮಂಗಲಾ ಎದ್ದು, ಗಂಡನ ಪಕ್ಕಕ್ಕೆ ಇನ್ನೊಂದು ಕುರ್ಚಿ ದರದರನೆ ಎಳೆದು ಹಾಕಿದಳು.

"ಕೈ ತೊಳ್ಕಂಡ್ ಬನ್ನಿ" ಎಂದಳು.