ಅಕ್ಕ ನೇಯ್ದ ದಡಿ

1953ರ ಬೇಸಿಗೆಯಲ್ಲಿ, ಬನಹಟ್ಟಿಯ ನಮ್ಮ ಮನೆಯಲ್ಲಿ, ಅಕ್ಕ ಗಂಗವ್ವ ನೇಯ್ದ ಸೀರೆಯನ್ನು ನಾನೇ ನೇಯ್ದದ್ದೆಂದು ಹೇಳಿ, ಅವಳಿಗೆ ಸಿಗಬೇಕಿದ್ದ ನೇಕಾರಿಕೆ ಶಾಲೆಯ ಜಾಗವನ್ನು ಪಡೆದುಕೊಂಡೆ. ಆಗ ನನಗೆ ಹದಿನೆಂಟು ವರ್ಷ, ಅವಳಿಗೆ ಇಪ್ಪತ್ತು.

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಮುಂದೆ ಮಾಡಿದ ಪತ್ರಿಕೆಯ ಕೆಲಸ ಕಲಿಸಿದ್ದು ಅಷ್ಟೇ.

ನಮ್ಮಲ್ಲಿ ಹೆಂಗಸರು ಕಂಡಿಕೆಗೆ ನೂಲು ಸುತ್ತುತ್ತಿದ್ದರು, ಗಂಡಸರು ನೇಯಲು ಮಗ್ಗದ ಕುಣಿಗೆ ಇಳಿಯುತ್ತಿದ್ದರು. ಅಪ್ಪನ ಕಣ್ಣು ಮಂದವಾದ ಮೇಲೆ ಅಕ್ಕನೂ ಇಳಿದಳು. ನಾನು ಕುಳಿತರೆ ಗಳಿಗೆಗೊಮ್ಮೆ ಎಳೆ ಹರಿಯುತ್ತಿತ್ತು. "ಎದ್ದ ಬಾರಲೇ, ಮಗ್ಗ ಅಳಾಕತ್ತೈತಿ" ಎಂದು ನಗುತ್ತಿದ್ದಳು.

ಸೀರೆಯ ಕೊನೆಯಲ್ಲಿ ಪ್ರತಿ ಮನೆಯೂ ತನ್ನ ಗುರುತಿನ ಎಳೆ ಹಾಕುವುದು ನಮ್ಮ ಓಣಿಯ ರೂಢಿ. ನಮ್ಮದು ಒಂದು ಕೆಂಪು ಎಳೆ. ಆ ಬೇಸಿಗೆ ಅಕ್ಕ ತಾನೇ ಯೋಚಿಸಿ ಒಂದು ಸೀರೆಯ ಅಂಚಿಗೆ ಹೊಸ ನಮೂನೆಯ ದಡಿ ನೇಯ್ದಳು. ಕೊನೆಗೆ ಕೆಂಪಿನ ಬದಲು ಎರಡು ನೀಲಿ ಎಳೆ ಹಾಕಿದಳು. ಅಪ್ಪನಿಗೆ ಕಾಣಲಿಲ್ಲ. ನನಗೆ ಕಂಡಿತು.

ಆ ಸೀರೆ ಜಮಖಂಡಿಯ ಅಂಗಡಿಯೊಂದರಲ್ಲಿ ಸೊಲ್ಲಾಪುರ ಕಡೆಯ ನೇಕಾರಿಕೆ ಶಾಲೆಯ ಮಾಸ್ತರರ ಕಣ್ಣಿಗೆ ಬಿತ್ತು. ಆಗ ನಾವೂ ಅವರೂ ಒಂದೇ ಮುಂಬಯಿ ರಾಜ್ಯದವರು; ಆ ಕಡೆಯಿಂದ ಬಂದುಹೋಗುವವರು ಬಹಳ. ಮಾಸ್ತರರು ಮನೆ ಹುಡುಕಿಕೊಂಡು ಬಂದಾಗ ಮಗ್ಗದಲ್ಲಿ ನಾನಿದ್ದೆ. ಅಕ್ಕ ಒಳಗೆ ಕಂಡಿಕೆ ಸುತ್ತುತ್ತಿದ್ದಳು.

"ಈ ದಡಿ ಯಾರದ್ರೀ? ನೇಯ್ದವರಿಗೆ ನಮ್ಮ ಸಾಲ್ಯಾಗ ಒಂದ ಜಾಗಾ ಐತಿ. ಹೆಣ್ಮಕ್ಕಳಿದ್ರೂ ನಡೀತೈತಿ."

ಈ ಕೊನೆಯ ಮಾತನ್ನು ಅವರು ಹೇಳಿದ್ದರು. ಹೆಣ್ಣುಮಗಳನ್ನು ಹೇಗೂ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಮುಂದೆ ನನಗೆ ನಾನೇ ಹೇಳಿಕೊಂಡದ್ದು — ಸುಳ್ಳು.

"ನಂದ್ರೀ" ಎಂದೆ.

"ಈ ಮನಿ ಗುರುತು ಕೆಂಪಂತ ಅಂಗಡ್ಯಾಗ ಹೇಳಿದ್ರು. ಇಲ್ಲಿ ನೀಲಿ ಐತಲ್ಲ?"

"ಅದೂ ನಂದ್ರೀ."

ಒಳಗೆ ಅಕ್ಕನ ರಾಟೆ ನಿಂತಿತು. ಅವಳು ಹೊರಗೆ ಬರುತ್ತಾಳೆಂದು ಕಾದೆ — ಬಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆನೇನೋ... ಸ್ವಲ್ಪ ಹೊತ್ತಿಗೆ ರಾಟೆ ಮತ್ತೆ ತಿರುಗಿತು. ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ನನ್ನ ಕಡೆ ಒಮ್ಮೆ ಮುಖ ತಿರುಗಿಸಿದ. ಮಗಳಿಗಿಂತ ಮಗನನ್ನು ಕಳಿಸುವುದು ಅವನಿಗೂ ಸರಳವಾಗಿತ್ತೋ ಏನೋ — ನಾನು ಕೇಳಲಿಲ್ಲ.

ನನಗೆ ನೇಕಾರಿಕೆ ಬೇಕಾಗಿರಲಿಲ್ಲ. ಊರು ಬಿಡಲು ಒಂದು ನೆಪ ಬೇಕಾಗಿತ್ತು. ಎಂಟೇ ತಿಂಗಳಿಗೆ ಶಾಲೆ ಬಿಟ್ಟು ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದೆ. ನನ್ನ ದಾರಿ ನನಗೆ ಸಿಕ್ಕಿತು. ನಾನು ಬಿಟ್ಟ ಜಾಗವನ್ನು ಅವಳಿಗೆ ಕೊಡಿಸಿರೆಂದು ಮಾಸ್ತರರಿಗೆ ಒಂದು ಕಾಗದ ಬರೆಯಬಹುದಾಗಿತ್ತು — ಬರೆಯಲಿಲ್ಲ. ಮರುವರ್ಷ ಅಕ್ಕನನ್ನು ಬೀಳಗಿಯ ಒಕ್ಕಲು ಮನೆತನಕ್ಕೆ ಕೊಟ್ಟರು. ಆ ಮನೆಯಲ್ಲಿ ಮಗ್ಗವಿಲ್ಲ.

ಪ್ರತಿ ವರ್ಷ ನಾಗರಪಂಚಮಿಗೆ ಅವಳನ್ನು ತವರಿಗೆ ಕರೆಯಲು ಹೋಗುತ್ತೇನೆ. ಈ ಸಲ ಹೋದಾಗ ಎಲ್ಲವನ್ನೂ ಬಾಯಿಬಿಟ್ಟು ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು.

"ನನಗ ಗೊತ್ತಿದ್ದದ್ದನ್ನ ನನಗ ಏನ ಹೇಳ್ತೀಯೋ ತಮ್ಮಾ? ಆ ಸಾಲ್ಯಾಗ ಏನೇನ ಕಲಿಸಿದ್ರು, ಅದನ್ನ ಹೇಳು. ಇಷ್ಟ ವರ್ಷಾತು, ಒಮ್ಮೆರೆ ಹೇಳಿಲ್ಲ ನೀ."

ಮೊರ ಕೆಳಗಿಟ್ಟು ನನ್ನೆದುರು ಕುಳಿತಳು. ನೆನಪಿದ್ದಷ್ಟನ್ನು ಹೇಳಿದೆ. ಹತ್ತು ನಿಮಿಷದಲ್ಲಿ ಮುಗಿಯಿತು.